ಕನ್ನಡ ನಾಡಿನ ಸೂಲಗಿತ್ತಿಯರು

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯು ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿನಲ್ಲಿರುವ ಊರು. 2011ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಇಲ್ಲಿ ನೆಲೆಗೊಂಡುದರಿಂದ ಈ ಗ್ರಾಮದ ಹೆಸರು ನಾಡಿಗೆಲ್ಲ ಪರಿಚಿತವಾಗಿದೆ. ಜಾನಪದವೆಂದೊಡನೆ ಹಾಡು, ಕುಣಿತ, ಬಯಲಾಟಗಳು ನೆನಪಿಗೆ ಬರುವುದು ಸಹಜವೇ ಸರಿ. ಆದರೆ ಬರಹದ ನೆರವಿಲ್ಲದೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಇಳಿದು ಬಂದ ವಿದ್ಯೆಗಳಲ್ಲಿ ಇವೆಲ್ಲವುಗಳಿಗಿಂತಲೂ ಮೊದಲಿನದೊಂದು ಉಂಟು. ಹಾಡುವವನೂ ಕುಣಿಯುವವನೂ ಭೂಮಿಗೆ ಬಂದುದು ಆ ವಿದ್ಯೆಯ ಬಲದಿಂದಲೇ. ಅದು ಸೂಲಗಿತ್ತಿಯ ವಿದ್ಯೆ.

ಹೆಸರೇ ಅದರ ಪ್ರಾಚೀನತೆಗೆ ಸಾಕ್ಷಿಯಾಗಿದೆ. ‘ಸೂಲು’ ಎಂಬುದು ಬಸಿರು, ಹೆರಿಗೆ ಎಂಬರ್ಥದ ಅಚ್ಚಗನ್ನಡ ಶಬ್ದ. ತಮಿಳಿನಲ್ಲಿಯೂ ಇದರ ಜ್ಞಾತಿಶಬ್ದವಿದೆ. ದನದ ಸಂತೆಯಲ್ಲಿ ರೈತನು ‘ಎರಡನೆಯ ಸೂಲಿನ ಎಮ್ಮೆ’ ಎನ್ನುವಾಗ ಇದೇ ಮಾತನ್ನು ಆಡುತ್ತಾನೆ. ಸಂಸ್ಕೃತದ ‘ಪ್ರಸೂತಿ’ಯು ಗ್ರಂಥದೊಡನೆ ಬಂದಿತು, ‘ಸೂಲು’ ಮನೆಯಲ್ಲಿಯೇ ಇದ್ದಿತು.

ಧಾರವಾಡದ ಸೀಮೆಯಲ್ಲಿ ಕುಬಸದ ಶಾಸ್ತ್ರ ಮುಗಿದ ಬಳಿಕ ಚೊಚ್ಚಲ ಬಸುರಿಯು ತವರಿಗೆ ಬರುವುದು ರೂಢಿ. ಅಂದಿನಿಂದ ಸೂಲಗಿತ್ತಿಯ ಕೆಲಸ ಮೊದಲಾಗುತ್ತಿದ್ದಿತು. ಹೊಟ್ಟೆಯನ್ನು ಮುಟ್ಟಿ ಕೂಸಿನ ತಲೆ ಯಾವ ಕಡೆಗಿದೆಯೆಂದು ಅವಳು ಅರಿಯುತ್ತಿದ್ದಳು. ಬೇನೆ ತಿಂದಾಗ ಬೆನ್ನು ನೀವುತ್ತ, ಧೈರ್ಯ ಹೇಳುತ್ತ, ಇರುಳೆಲ್ಲ ಮಗ್ಗುಲಲ್ಲಿಯೇ ಕುಳಿತಿರುತ್ತಿದ್ದಳು. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸುವುದು, ಬಾಣಂತಿಗೆ ಎಣ್ಣೆ ಹಚ್ಚಿ ಎರೆಯುವುದು, ನಡ ಕಟ್ಟುವುದು, ಹೊರಸಿನ ಕೆಳಗೆ ಕುಳ್ಳಿನ ಕೆಂಡವಿಟ್ಟು ಕಾಯಿಸುವುದು, ಅಳವಿಯ ಪಾಯಸ, ಅಂಟಿನುಂಡಿಗಳನ್ನು ಮಾಡಿಸುವುದು, ಸೆಟವಿಯ ಪೂಜೆಯಿಂದ ತೊಟ್ಟಿಲಿಗೆ ಹಾಕುವವರೆಗಿನ ಶಾಸ್ತ್ರಗಳಿಗೆ ನಿಲ್ಲುವುದು, ಇವೆಲ್ಲವೂ ಅವಳ ಪಾಲಿನವು. ಪ್ರತಿಫಲವಾಗಿ ಮೊರದ ತುಂಬ ಜೋಳ, ಬೆಲ್ಲ, ಕೊಬ್ಬರಿ, ಒಂದು ಕುಪ್ಪಸದ ಖಣ. ಆದರೆ ಇದರೊಡನೆ ಒಂದು ಅನ್ಯಾಯವೂ ಬೆರೆತಿದ್ದಿತು. ಹೆರಿಗೆಯು ಮೈಲಿಗೆಯ ಕೆಲಸವೆಂಬ ಭಾವನೆಯಿಂದ, ನಡುರಾತ್ರಿಯಲ್ಲಿ ಒಳಕೋಣೆಗೆ ಕರೆದ ಮನೆಯವರೇ ಹಗಲಿನಲ್ಲಿ ಅವಳನ್ನು ಹೊಸ್ತಿಲಾಚೆ ನಿಲ್ಲಿಸುವುದು ಅನೇಕ ಕಡೆಗಳಲ್ಲಿ ವಾಡಿಕೆಯಾಗಿದ್ದಿತು.

ಈ ವಿಷಯದಲ್ಲಿ ಶಾಸ್ತ್ರಗ್ರಂಥಗಳು ಮೌನವಾಗಿದ್ದವೆಂದಲ್ಲ. ಹಲವು ಮಕ್ಕಳನ್ನು ಹೆತ್ತ, ಸ್ನೇಹಭಾವವುಳ್ಳ, ಉಪಚಾರಕುಶಲೆಯರಾದ ಸ್ತ್ರೀಯರು ಗರ್ಭಿಣಿಯನ್ನು ಸುತ್ತುವರಿದು ಸಮಾಧಾನಪಡಿಸುತ್ತಿರಬೇಕೆಂದು ಚರಕಸಂಹಿತೆಯ ಶಾರೀರಸ್ಥಾನವು ವಿಧಿಸುತ್ತದೆ. ಸುಶ್ರುತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಸವಕಾರ್ಯದಲ್ಲಿ ನಿಪುಣೆಯರಾದ ನಾಲ್ವರು ಪ್ರೌಢ ಸ್ತ್ರೀಯರಿರಬೇಕು, ಅವರು ಉಗುರುಗಳನ್ನು ಕತ್ತರಿಸಿಕೊಂಡಿರಬೇಕು ಎನ್ನುತ್ತಾನೆ. ಕನ್ನಡದಲ್ಲಿಯೂ ಕ್ರಿ.ಶ. 1200ರ ಸುಮಾರಿನ ದೇವೇಂದ್ರಮುನಿಯು ಶಿಶುಗಳ ರೋಗಗಳನ್ನು ಕುರಿತು ‘ಬಾಲಗ್ರಹಚಿಕಿತ್ಸೆ’ಯನ್ನು ರಚಿಸಿದನು. ಹೀಗೆ ಅನುಭವದ ಕೈ, ಶುಚಿಯಾದ ಕೈ, ಅಗಲದ ಜೊತೆ ಎಂಬ ಮೂರನ್ನೂ ಪ್ರಾಚೀನರು ಬಲ್ಲವರಾಗಿದ್ದರು.

ಆದರೆ ಗ್ರಂಥವನ್ನು ಓದಬಲ್ಲವರು ಹೆರಿಗೆಯ ಕೋಣೆಗೆ ಹೋಗುತ್ತಿರಲಿಲ್ಲ. ಕೋಣೆಯಲ್ಲಿದ್ದವಳಿಗೆ ಗ್ರಂಥವನ್ನು ಯಾರೂ ಓದಿ ಹೇಳಲಿಲ್ಲ. ಇದೇ ಈ ಇತಿಹಾಸದ ದುರಂತಬೀಜ. ಅನುಭವವೂ ಜೊತೆಯೂ ಸೂಲಗಿತ್ತಿಯಲ್ಲಿ ಉಳಿದವು. ಉಗುರು ಕತ್ತರಿಸುವ ನಿಯಮವು ಓಲೆಗರಿಯಲ್ಲಿಯೇ ಉಳಿಯಿತು. ಕುಡಗೋಲಿನಿಂದ ಹೊಕ್ಕುಳಬಳ್ಳಿಯನ್ನು ಕೊಯ್ದು ಬೂದಿ ಹಚ್ಚಿದ ಅದೆಷ್ಟೋ ಕೂಸುಗಳು ಧನುರ್ವಾಯುವಿಗೆ ತುತ್ತಾದವು. ಅದೆಷ್ಟೋ ತಾಯಂದಿರು ಬಾಣಂತಿಸನ್ನಿಯಿಂದ ತೊಟ್ಟಿಲು ಕಟ್ಟುವ ಮೊದಲೇ ಕಣ್ಮುಚ್ಚಿದರು. ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರು ಕೊಡದಿರುವುದು ಮುಂತಾದ ಮೂಢ ರೂಢಿಗಳೂ ಇದ್ದವು. ಕೇಡಿಗೆಲ್ಲ ‘ಸೆಟವಿ ಬರೆದ ಬರಹ’ವೆಂಬ ಒಂದೇ ಸಮಾಧಾನವಿದ್ದಿತು.

ಇದನ್ನು ಕಂಡು ಸೂಲಗಿತ್ತಿಯನ್ನು ಅಜ್ಞಾನಿಯೆಂದು ಹಳಿಯುವವರು ಯುರೋಪಿನ ಒಂದು ಸಂಗತಿಯನ್ನು ನೆನೆಯಬೇಕು. ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರೂ ಕೆಲಸ ಮಾಡುತ್ತಿದ್ದರು. ಸಾವು ಹೆಚ್ಚಾಗಿದ್ದುದು ವೈದ್ಯರ ವಿಭಾಗದಲ್ಲಿ! ಶವಪರೀಕ್ಷೆ ಮಾಡಿದ ಕೈಯಿಂದಲೇ ಅವರು ಬಾಣಂತಿಯರನ್ನು ಮುಟ್ಟುತ್ತಿದ್ದುದು ಇದಕ್ಕೆ ಕಾರಣವೆಂದು ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕಂಡುಹಿಡಿದು, 1847ರಲ್ಲಿ ಸುಣ್ಣದ ಕ್ಲೋರಿನ್ ದ್ರಾವಣದಿಂದ ಕೈ ತೊಳೆಯುವ ಕಟ್ಟಳೆಯನ್ನು ತಂದನು. ಆ ವರ್ಷದ ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನಲ್ಲಿ ನೂರಕ್ಕೆ 2ರ ಮಟ್ಟಕ್ಕೆ ಇಳಿಯಿತು. ಆದರೂ ಪಂಡಿತರು ಬಹುಕಾಲ ಅವನ ಮಾತನ್ನು ಒಪ್ಪಲಿಲ್ಲ. ಕೈ ತೊಳೆಯಲು ಕಲಿಯುವುದು ಓದಿದವರಿಗೂ ಸುಲಭವಾಗಿರಲಿಲ್ಲ.

ಭಾರತದಲ್ಲಿ ಹೊಸ ವೈದ್ಯವು ಸ್ತ್ರೀಯರನ್ನು ಮುಟ್ಟುವ ಪ್ರಯತ್ನವು 1885ರ ಡಫರಿನ್ ನಿಧಿಯಿಂದ ವ್ಯವಸ್ಥಿತವಾಯಿತು. 1903ರಲ್ಲಿ ಲೇಡಿ ಕರ್ಜನ್ನರ ಪ್ರಯತ್ನದಿಂದ ಪರಂಪರೆಯ ಸೂಲಗಿತ್ತಿಯರಿಗೆ ಶಿಕ್ಷಣ ಕೊಡುವ ನಿಧಿಯೊಂದು ಹುಟ್ಟಿತು. ಕನ್ನಡ ನಾಡಿನಲ್ಲಿ 1923ರಲ್ಲಿ ಸ್ವಿಸ್ ದೇಶದ ವೈದ್ಯೆ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಚಿಕಿತ್ಸಾಲಯವನ್ನು ತೆರೆದರು. 1935ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಆರಂಭವಾಯಿತು. ಆದರೆ ಇವು ಪಟ್ಟಣಗಳ ಮಾತಾಯಿತು. 1946ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯ ಅಂದಾಜಿನಂತೆ, ಸುಮಾರು ಮೂವತ್ತು ಕೋಟಿ ಜನರಿದ್ದ ಬ್ರಿಟಿಷ್ ಇಂಡಿಯದಲ್ಲಿ ಶಿಕ್ಷಣ ಪಡೆದ ಸೂಲಗಿತ್ತಿಯರು ಐದು ಸಾವಿರದಷ್ಟೇ ಇದ್ದರು. ಸಾವಿರ ಹೆರಿಗೆಗೆ ಇಪ್ಪತ್ತು ತಾಯಂದಿರು ಸಾಯುತ್ತಿದ್ದರು. ಹೀಗಿರಲು ಹಳ್ಳಿಯ ಸೂಲಗಿತ್ತಿಯನ್ನು ಬಿಡುವುದು ಸಾಧ್ಯವಿಲ್ಲ, ಅವಳಿಗೇ ಶಿಕ್ಷಣ ಕೊಡಬೇಕೆಂದು ಸಮಿತಿಯು ಸೂಚಿಸಿತು. ಮುಂದೆ ಬಂದ ಶಿಕ್ಷಣಕ್ರಮಗಳು ಶುಚಿಯಾದ ಕೈ, ಶುಚಿಯಾದ ನೆಲ, ಶುಚಿಯಾದ ಅಲಗು, ಶುಚಿಯಾದ ದಾರ, ಶುಚಿಯಾದ ಹೊಕ್ಕುಳು ಎಂಬ ಐದು ಪಾಠಗಳನ್ನು ಅವಳಿಗೆ ಕಲಿಸಿದವು. ಸುಶ್ರುತನ ಮಾತು ಹೀಗೆ ಬಹಳ ತಡವಾಗಿ ಅವಳ ಕಿವಿಗೆ ಬಿದ್ದಿತು.

ಆಸ್ಪತ್ರೆಗಳು ದೂರವಿದ್ದ ಆ ಕಾಲದಲ್ಲಿ ಒಬ್ಬ ಸೂಲಗಿತ್ತಿಯು ಏನನ್ನು ಸಾಧಿಸಬಲ್ಲವಳಾಗಿದ್ದಳೆಂಬುದಕ್ಕೆ ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಕೃಷ್ಣಾಪುರದ ನರಸಮ್ಮನವರೇ ನಿದರ್ಶನ. 1920ರಲ್ಲಿ ಜನಿಸಿದ ಇವರು ಅಕ್ಷರ ಕಲಿತವರಲ್ಲ. ಅಜ್ಜಿಯಿಂದ ವಿದ್ಯೆಯನ್ನು ಪಡೆದು, ಇಪ್ಪತ್ತರ ಹರೆಯದಲ್ಲಿ ಬಂಧುವೊಬ್ಬಳ ಹೆರಿಗೆಯಿಂದ ತೊಡಗಿ, ಏಳು ದಶಕಗಳಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. ಯಾರಿಂದಲೂ ಹಣವನ್ನು ಬೇಡಲಿಲ್ಲ. ತುಮಕೂರು ವಿಶ್ವವಿದ್ಯಾಲಯವು ಇವರಿಗೆ 2014ರಲ್ಲಿ ಗೌರವ ಡಾಕ್ಟರೇಟನ್ನೂ, ಭಾರತ ಸರಕಾರವು 2018ರಲ್ಲಿ ಪದ್ಮಶ್ರೀಯನ್ನೂ ನೀಡಿದವು. ಆ ವರ್ಷದ ಡಿಸೆಂಬರ್ 25ರಂದು ಇವರು ತೀರಿಕೊಂಡರು. ‘ಸೂಲಗಿತ್ತಿ’ ಎಂಬ ಶಬ್ದವೇ ಇವರ ಹೆಸರಿನ ಮುಂದೆ ಬಿರುದಾಗಿ ನಿಂತಿತು. ಹೊಸ್ತಿಲಾಚೆ ನಿಲ್ಲಿಸಿದ ಶಬ್ದವು ರಾಷ್ಟ್ರಪತಿಭವನದ ಒಳಗೆ ಬಂದಿತು.

ಅಷ್ಟರಲ್ಲಿ ನಾಡಿನ ಸ್ಥಿತಿಯೇ ಬದಲಾಗಿದ್ದಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆಯೂ ಆಶಾ ಕಾರ್ಯಕರ್ತೆಯರೂ ಬಂದರು. 2008ರಿಂದ 108ರ ವಾಹನವು ಕರ್ನಾಟಕದ ಹಳ್ಳಿಗಳ ಬಾಗಿಲಿಗೆ ಬರತೊಡಗಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ 1998–99ರಲ್ಲಿ ರಾಜ್ಯದ ಹೆರಿಗೆಗಳಲ್ಲಿ ಅರ್ಧದಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019–20ರ ಹೊತ್ತಿಗೆ ಅವು ನೂರಕ್ಕೆ 97 ಆದವು. 2015ರಲ್ಲಿ ಭಾರತವು ತಾಯಿ ಮಕ್ಕಳ ಧನುರ್ವಾಯುವನ್ನು ಗೆದ್ದ ದೇಶವೆಂದು ಘೋಷಿತವಾಯಿತು. ಭೋರ್ ಸಮಿತಿಯ ಲೆಕ್ಕವು ದೇಶಕ್ಕೆಲ್ಲ ಲಕ್ಷ ಹೆರಿಗೆಗೆ ಎರಡು ಸಾವಿರ ಸಾವು. 2018–20ರ ಲೆಕ್ಕವು ಕರ್ನಾಟಕಕ್ಕೆ 69. ಈ ಎರಡು ಅಂಕೆಗಳ ನಡುವೆ ಬದುಕಿ ಉಳಿದ ತಾಯಂದಿರನ್ನು ನೆನೆದಾಗ, ಹಳೆಯ ಕಾಲವೇ ಚೆನ್ನಾಗಿದ್ದಿತೆಂದು ಯಾರೂ ಹೇಳಲಾರರು.

ಆದರೆ ಶುಚಿಯಾದ ಕೈ ದೊರೆತ ಕಡೆ ಜೊತೆಯು ತಪ್ಪಿಹೋಗುವ ಭಯವಿದೆ. ಅಪರಿಚಿತ ಕೋಣೆಯಲ್ಲಿ, ತಾಯಿ ಅತ್ತೆಯರು ಬಾಗಿಲ ಹೊರಗೆ ಕುಳಿತಿರಲು, ಬೇನೆ ತಿನ್ನುವವಳು ಒಬ್ಬಂಟಿಗಳಾಗುತ್ತಾಳೆ. ಶಸ್ತ್ರಕ್ರಿಯೆಯ ಹೆರಿಗೆಗಳು 2019–20ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ ನೂರಕ್ಕೆ 31ನ್ನು ಮುಟ್ಟಿದ್ದವು. ಹೆರಿಗೆಯುದ್ದಕ್ಕೂ ಒಬ್ಬರು ಬಿಡದೆ ಮಗ್ಗುಲಲ್ಲಿದ್ದು ಧೈರ್ಯ ಹೇಳಿದರೆ ಸಹಜ ಹೆರಿಗೆಯ ಸಂಭವ ಹೆಚ್ಚುವುದೆಂದು ಇಂದಿನ ವೈದ್ಯಶಾಸ್ತ್ರದ ಪ್ರಯೋಗಗಳೂ ತೋರಿಸಿವೆ. ಹೆರುವವಳು ತನಗೆ ಬೇಕಾದವರನ್ನು ಬಳಿಯಲ್ಲಿರಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ಮಾಡಿದೆ. ಭಾರತ ಸರಕಾರವು 2018ರಲ್ಲಿ, ದಾದಿಯರ ಶಿಕ್ಷಣ ಮುಗಿಸಿದವರಿಗೆ ಮತ್ತೆ ಹದಿನೆಂಟು ತಿಂಗಳು ಸೂಲಗಿತ್ತಿಯ ವಿದ್ಯೆಯನ್ನೇ ಕಲಿಸುವ ಕ್ರಮವನ್ನು ಗೊತ್ತುಪಡಿಸಿತು. ಚರಕನು ಹೇಳಿದುದು, ಹಳ್ಳಿಯ ಮುದುಕಿ ಓದದೆಯೇ ನಡೆಸಿದುದು, ಸುತ್ತು ಬಳಸಿ ಮತ್ತೆ ಆಸ್ಪತ್ರೆಯ ಬಾಗಿಲಿಗೆ ಬಂದಿದೆ.

ಅಕ್ಷರವೂ ಕೈಯೂ ಬೇರೆಯಾದುದರಿಂದ ಎಷ್ಟೋ ಶತಮಾನಗಳು ತಾಯಂದಿರನ್ನು ಬಲಿಗೊಟ್ಟವು. ಇನ್ನು ಮೇಲಾದರೂ ಅವೆರಡೂ ಅಗಲದಿರಲಿ. ಹಾವೇರಿ ಸೀಮೆಯ ಮನೆಗಳಲ್ಲಿ ಎಂಬತ್ತು ದಾಟಿದ ಸೂಲಗಿತ್ತಿಯು ಇನ್ನೂ ಇರುವಲ್ಲಿ, ಅವಳ ಬಳಿ ಕುಳಿತು ಅವಳ ಮಾತನ್ನು ಬರೆದಿಡುವುದು ಸುಶಿಕ್ಷಿತರ ಕರ್ತವ್ಯ. ಆ ಮನೆಯ ಮಗಳು ಹೆರಿಗೆಗೆ ಹೋಗುವುದು ಆಸ್ಪತ್ರೆಗೇ ಆಗಲಿ. ಆದರೆ ಅಲ್ಲಿ ಅವಳ ಬೆನ್ನು ನೀವಲು ಒಂದು ಕೈ ಇರಲಿ.