ಬೆಳವಾಡಿಯ ಭಾರವಾಹಕಗಳು

ಮೈಸೂರೆಂದೊಡನೆ ಅರಮನೆ, ಶ್ರೀಗಂಧ, ರೇಷ್ಮೆ, ಮಲ್ಲಿಗೆಗಳು ನೆನಪಿಗೆ ಬರುತ್ತವೆ. ನಗರದ ಹೊರವಲಯದ ಬೆಳವಾಡಿಯ ಬಳಿ ತಯಾರಾಗುವ ದೈತ್ಯ ವಾಹನಗಳನ್ನು ನೆನೆಯುವವರು ವಿರಳ. ಇದರಲ್ಲಿ ಮೈಸೂರಿಗರ ತಪ್ಪೇನೂ ಇಲ್ಲ. ಅವುಗಳಲ್ಲಿ ದೊಡ್ಡವು ನಮ್ಮ ಬೀದಿಗಳಲ್ಲಿ ಹಿಡಿಸುವುದೇ ಇಲ್ಲ. ಬಿಡಿಭಾಗಗಳಾಗಿ ಲಾರಿಯೇರಿ ದೂರದ ಗಣಿಗಳನ್ನು ಸೇರಿ, ಅಲ್ಲಿ ಜೋಡಣೆಗೊಂಡು, ಅಲ್ಲಿಯೇ ದುಡಿದು ಸವೆಯುತ್ತವೆ.

ಭಾರ ಹೊರಲು ನಮ್ಮ ನಾಡಿನಲ್ಲಿದ್ದ ಹಳೆಯ ಸಾಧನವೆಂದರೆ ಮನುಷ್ಯನ ತಲೆ, ಅದರ ಮೇಲೊಂದು ಸಿಂಬಿ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದಾಗ ಕಲ್ಲೂ ಸುರ್ಕಿ ಗಾರೆಯೂ ಮೇಲೇರಿದ್ದು ಸಾವಿರಾರು ಕೂಲಿಕಾರರ ಬೆವರಿನಿಂದ. ಕೀರ್ತಿ ಅರಸರಿಗೂ ಎಂಜಿನಿಯರುಗಳಿಗೂ ಸಂದಿತು, ಸಂದದ್ದು ನ್ಯಾಯವೇ. ಹೊತ್ತವರ ಹೆಸರು ಮಾತ್ರ ನಮ್ಮ ನೆನಪಿನಲ್ಲಿಲ್ಲ.

ಆ ತಲೆಹೊರೆಯನ್ನು ಯಂತ್ರಕ್ಕೆ ವಹಿಸುವ ಯತ್ನಕ್ಕೂ ಮೈಸೂರು ಸಂಸ್ಥಾನದ ನಂಟುಂಟು. 1940ರಲ್ಲಿ ವಾಲಚಂದ್ ಹೀರಾಚಂದರು ಸಂಸ್ಥಾನದ ಸರ್ಕಾರದೊಡನೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಮುಂದೆ ಆ ಕಾರ್ಖಾನೆ ರೈಲ್ವೆ ಬೋಗಿಗಳನ್ನೂ ತಯಾರಿಸತೊಡಗಿತು. ಆ ವಿಭಾಗವನ್ನೇ ಬುನಾದಿಯಾಗಿಸಿಕೊಂಡು 1964ರ ಮೇ ತಿಂಗಳಲ್ಲಿ ರಕ್ಷಣಾ ಸಚಿವಾಲಯದ ಅಧೀನದಲ್ಲಿ ಭಾರತ್ ಅರ್ತ್ ಮೂವರ್ಸ್, ಜನರ ಬಾಯಲ್ಲಿ ಬೆಮೆಲ್, ಹುಟ್ಟಿತು. 1965ರ ಜನವರಿ 1ರಂದು ಕೆಲಸ ಆರಂಭಿಸಿತು. 1962ರ ಯುದ್ಧದ ಗಾಯ ಆಗಿನ್ನೂ ಹಸಿಯಾಗಿತ್ತು. ಹಿಮಾಲಯದ ಗಡಿಗಳಿಗೆ ರಸ್ತೆಗಳು ತುರ್ತಾಗಿ ಬೇಕಾಗಿದ್ದವು.

ಬುಲ್‌ಡೋಜರು, ಕ್ರೇನುಗಳ ಕಾರ್ಖಾನೆಗೆ ಕೋಲಾರದ ಚಿನ್ನದ ಗಣಿಪ್ರದೇಶ ನೆಲೆಯಾಯಿತು. ಜಪಾನಿನ ಕೊಮಾಟ್ಸು ಮೊದಲಾದ ಸಂಸ್ಥೆಗಳಿಂದ ವಿದ್ಯೆ ಬಂದಿತು. ಎರವಲು ವಿದ್ಯೆಯೆಂದು ಮೂಗು ಮುರಿಯುವವರುಂಟು. ಆದರೆ ನಕಾಶೆಯೊಂದೇ ಉಕ್ಕನ್ನು ಬೆಸೆಯುವುದಿಲ್ಲ, ಬೆಸೆಯುವ ಕೈ ನಮ್ಮದೇ ಆಗಬೇಕಷ್ಟೆ. 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದಾಗ ಆ ಊರಿಗೆ ಉಳಿದ ದೊಡ್ಡ ಆಸರೆ ಈ ಕಾರ್ಖಾನೆಯೇ.

ಮೈಸೂರಿನ ಪಾಲು ಬಂದದ್ದು 1984ರಲ್ಲಿ. ಗಣಿಯ ಡಂಪರುಗಳು, ರಸ್ತೆ ಸಮಗೊಳಿಸುವ ಗ್ರೇಡರುಗಳು, ಮುಂದೆ ಎಂಜಿನ್ನುಗಳು ಇಲ್ಲಿ ರೂಪುಗೊಂಡವು. ಡಂಪರು ಹೊರುವುದಷ್ಟೇ ಅಲ್ಲ, ಹೊತ್ತದ್ದನ್ನು ಎತ್ತಿ ಸುರಿಯಲೂ ಬೇಕು. ತೊಟ್ಟಿಯ ಅಡಿಯ ಉಕ್ಕಿನ ಕೊಳವೆಗಳಿಗೆ ಪಂಪು ಎಣ್ಣೆಯನ್ನು ಒತ್ತುತ್ತದೆ. ಎಣ್ಣೆ ಕುಗ್ಗದು, ಒತ್ತಡ ಎಲ್ಲೆಡೆ ಸಮನಾಗಿ ಹರಡುತ್ತದೆ, ಒಳಗಿನ ಕೊಂತದ ಅಗಲ ಹಿಗ್ಗಿದಷ್ಟೂ ಬಲ ಹಿಗ್ಗುತ್ತದೆ. ಹದಿನೇಳನೆಯ ಶತಮಾನದ ಪಾಸ್ಕಲ್ ಕಂಡ ಈ ಸೂತ್ರದಿಂದ ಕಲ್ಲಿದ್ದಲಿನ ಗುಡ್ಡವೇ ಮೆಲ್ಲನೆ ವಾಲಿ ಕೆಳಗೆ ಜಾರುತ್ತದೆ. ಇಲ್ಲಿಯ ಅತಿದೊಡ್ಡ ಡಂಪರು 205 ಟನ್ ಹೊರುತ್ತದೆ. ದಸರೆಯ ಆನೆ ಹೊರುವ ಚಿನ್ನದ ಅಂಬಾರಿ ಸುಮಾರು 750 ಕಿಲೋ; ಆನೆಯೇ ಐದು ಟನ್ ಎಂದುಕೊಂಡರೂ ನಲವತ್ತು ಆನೆಗಳ ತೂಕವನ್ನು ಈ ವಾಹನ ಒಮ್ಮೆಗೇ ಹೊತ್ತೀತು!

ಸಿಂಗ್ರೌಲಿಯಂಥ ದೂರದ ಗಣಿಗಳಲ್ಲಿ ಮೈಸೂರಿನ ಕೈಕೆಲಸ ಹೀಗೆ ದುಡಿಯುತ್ತಿರುವಾಗಲೇ, 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸಂಸ್ಥೆಯ ಶೇಕಡ 26ರಷ್ಟು ಷೇರನ್ನು ಆಡಳಿತದ ಹಿಡಿತದೊಡನೆ ಮಾರಲು ಆಸಕ್ತರನ್ನು ಆಹ್ವಾನಿಸಿತು. ಕಾರ್ಮಿಕರು ವಿರೋಧಿಸಿದರು. ಷೇರಿನ ಬೆಲೆ, ನಿವೇಶನದ ಬೆಲೆಗಳ ಚರ್ಚೆ ಬಹಳ ನಡೆಯಿತು. ದಪ್ಪ ಉಕ್ಕನ್ನು ಬಿರುಕಿಲ್ಲದೆ ಬೆಸೆಯಲು ಎರಡು ತಲೆಮಾರು ಕಲಿತ ಕೈಚಳಕಕ್ಕೆ ಯಾವ ಲೆಕ್ಕಪತ್ರದಲ್ಲೂ ಅಂಕಣವಿರಲಿಲ್ಲ. ಊರಿನಲ್ಲಿ ಬಹುಮಂದಿಗೆ ಆ ಹೆಸರು ಬೇಕಾಗುವುದು ಶ್ರೀರಾಂಪುರದ ಬೆಮೆಲ್ ಬಡಾವಣೆಯಲ್ಲಿ ಬಾಡಿಗೆಯ ಮನೆ ಹುಡುಕುವಾಗ ಮಾತ್ರ.