ಹೋರಿ ಹಬ್ಬಕ್ಕೊಂದು ನೆತ್ತರುಗೊಡಗೆ

ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋಗೋದು ಅಂದ್ರೆ ನಿಮಗೆಲ್ಲ ಗೊತ್ತಿರೋ ಕಥೆ. ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲು, ಸೀಟು ಸಿಕ್ಕರೆ ಪುಣ್ಯ, ಬೆಳಗಿನ ಜಾವಕ್ಕೆ ಶಿಕಾರಿಪುರ. ಆದರೆ ನಮ್ಮ ಕಡೆಯ ಹುಡುಗರು ಇಷ್ಟು ಕಷ್ಟಪಟ್ಟು ಹೋಗೋದು ಪಟಾಕಿಗಲ್ಲ, ಹೋಳಿಗೆಗೂ ಅಲ್ಲ. ಹೋರಿಗೆ.

ನೋಡದವರಿಗೆ ಸ್ವಲ್ಪ ವಿವರ ಹೇಳ್ತೀನಿ. ಬಲಿಪಾಡ್ಯಮಿ ಬಂತೆಂದರೆ ಶಿಕಾರಿಪುರ, ಸೊರಬ, ಪಕ್ಕದ ಹಾವೇರಿ ಜಿಲ್ಲೆಯ ಹಿರೇಕೆರೂರು, ಹಾನಗಲ್ ಕಡೆ ಇವತ್ತು ಈ ಊರು, ನಾಳೆ ಆ ಊರು ಅಂತ ವಾರಗಟ್ಟಲೆ ಹೋರಿ ಬೆದರಿಸುವ ಹಬ್ಬ ನಡೀತದೆ. ಊರಿನ ಬೀದಿಯೇ ಅಖಾಡ. ಹೋರಿಯ ಕೊರಳಿಗೆ ಕೊಬ್ಬರಿ ಗಿಟುಕಿನ ಸರ, ಕೋಡಿಗೆ ರಿಬ್ಬನ್ನು, ಬೆನ್ನ ಮೇಲೆ ಬಲೂನಿನ ಗೋಪುರ. ಮೈಕಿನಲ್ಲಿ ಹೋರಿಯ ಹೆಸರು ಕೂಗಿದ್ದೇ ತಡ, ಜನರ ನಡುವೆ ಬಿಡ್ತಾರೆ. ಸರ ಹರಿಯಗೊಡದೆ ಬೀದಿ ದಾಟಿದರೆ ಹೋರಿ ಗೆದ್ದ ಹಾಗೆ. ಕೊಬ್ಬರಿ ಕಿತ್ತರೆ ಹುಡುಗರು ಗೆದ್ದ ಹಾಗೆ. ಒಂದೊಂದು ಹೋರಿಗೂ ಅಭಿಮಾನಿ ಬಳಗ, ಬಾವುಟ, ಅಚ್ಚು ಹಾಕಿಸಿದ ಟೀ ಶರ್ಟು. ಬಹುಮಾನಕ್ಕೆ ಬೈಕು, ಬಂಗಾರ.

ನಮ್ಮ ದೊಡ್ಡಪ್ಪನ ಮಗ ಹೀಗೇ ಒಂದು ಬೀದಿಯಲ್ಲಿ ಕೊಬ್ಬರಿಗೆ ಕೈ ಹಾಕಿದ್ದ. ಹನ್ನೊಂದು ವರ್ಷ ಆಯ್ತು. ಅವನ ಬಲಗಾಲು ಇವತ್ತಿಗೂ ಪೂರ್ತಿ ಮಡಚೋದಿಲ್ಲ. ಆಸ್ಪತ್ರೆ ಖರ್ಚಿಗೆ ಎರಡು ಎಕರೆ ಅಡವಿಟ್ಟರು. ಅಷ್ಟಾದರೂ ದೊಡ್ಡಪ್ಪ ಈಗ ತಾನೇ ಒಂದು ಹೋರಿ ಕಟ್ಟಿದ್ದಾನೆ. ಹೋದ ವರ್ಷ ನಾನು ತಡೀಲಾರದೆ ಕೇಳಿಬಿಟ್ಟೆ: "ಇಷ್ಟಾದ ಮೇಲೂ ಇದು ಬೇಕಾ ದೊಡ್ಡಪ್ಪ?"

"ಇದು ನಿನ್ನೆ ಮೊನ್ನೇದಲ್ಲಲೇ. ಊರ ಮುಂದಿನ ವೀರಗಲ್ಲು ನೋಡು. ದನಕ್ಕೋಸ್ಕರ ಜೀವ ಕೊಟ್ಟ ಮಂದಿ ನಾವು," ಅಂದ.

ಬಾಯಿ ಮುಚ್ಚಿಕೊಂಡೆ. ಆದರೆ ಆ ಮಾತು ತಲೇಲಿ ಉಳೀತು. ಬೆಂಗಳೂರಿಗೆ ವಾಪಸ್ ಬಂದವನೇ ಎಪಿಗ್ರಾಫಿಯಾ ಕರ್ನಾಟಿಕಾ ತೆಗೆದೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ 7ನೇ ಸಂಪುಟದಲ್ಲಿ ಶಿಕಾರಿಪುರ, 1904ರ 8ನೇ ಸಂಪುಟದಲ್ಲಿ ಸೊರಬ. ಪುಟ ತಿರುಗಿಸಿದಷ್ಟೂ ವೀರಗಲ್ಲುಗಳೇ. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅವನೇ. ಸತ್ತ ಕಾರಣಗಳಿಗೂ ಹೆಸರಿದೆ: ಊರು ಹಾಳಾಗುವಾಗ ಕಾದಿದರೆ ಊರಳಿವು, ಹೆಂಗಸರ ಮೊರೆ ಕೇಳಿ ನುಗ್ಗಿದರೆ ಪೆಣ್ಬುಯ್ಯಲ್, ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿದರೆ ತುರುಗೊಳ್. ದನವೇ ಸಂಪತ್ತಾಗಿದ್ದ ಕಾಲ ಅದು. ಹಿಂಡು ಹೋದರೆ ಉಳುಮೆ ಹೋಯ್ತು, ಹಾಲು ಹೋಯ್ತು, ಊರೇ ಹೋಯ್ತು.

ದೊಡ್ಡಪ್ಪ ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಆದರೆ ಒಂದು ವ್ಯತ್ಯಾಸ ಇದೆ. ಆ ಕಲ್ಲಿನವನು ಸತ್ತದ್ದು ದನ ಉಳಿಸೋಕೆ. ನಮ್ಮ ಬೀದೀಲಿ ಹುಡುಗ ಬೀಳೋದು ದನದ ಕೊರಳಿನ ಕೊಬ್ಬರಿ ಕೀಳೋಕೆ. ಇನ್ನೊಂದು ವ್ಯತ್ಯಾಸ ಇನ್ನೂ ದೊಡ್ಡದು. ಶಾಸನಗಳಲ್ಲಿ ನೆತ್ತರುಗೊಡಗೆ ಅನ್ನೋ ಮಾತು ಬರ್ತದೆ. ಕಲ್ನಾಡು, ಬಾಳ್ಗಳ್ಚು ಅಂತಾನೂ ಬರ್ತದೆ. ಹೋರಾಡಿ ಸತ್ತವನ ಹೆಸರಲ್ಲಿ, ಅವನ ಮನೆಯವರಿಗೆ ಕೊಟ್ಟ ಭೂಮಿ. ಅಂದರೆ ಸಾವಿರ ವರ್ಷದ ಹಿಂದಿನವರು ಕಲ್ಲು ನಿಲ್ಲಿಸಿ ಕೈ ತೊಳೆದುಕೊಳ್ಳಲಿಲ್ಲ. ಹಿಂದೆ ಉಳಿದವರ ಅನ್ನಕ್ಕೂ ದಾರಿ ಮಾಡಿದರು. ನಮ್ಮಲ್ಲಿ ಹೋರಿಯ ಹೆಸರು ಮೈಕಿನಲ್ಲಿ, ಫ್ಲೆಕ್ಸಿನಲ್ಲಿ, ರೀಲ್ಸಿನಲ್ಲಿ. ಸತ್ತವನ ಹೆಸರು ಮಾರನೇ ದಿನದ ಪೇಪರಿನ ಜಿಲ್ಲಾ ಪುಟದಲ್ಲಿ, ನಾಲ್ಕು ಸಾಲು. 2022ರ ದೀಪಾವಳಿ ಆದಮೇಲೆ ಶಿಕಾರಿಪುರ, ಸೊರಬ ಎರಡೂ ಕಡೆಯಿಂದ ಅಂಥ ಸುದ್ದಿ ಬಂತು.

ಹಾಗಾದ್ರೆ ನಿಲ್ಲಿಸಿಬಿಡಿ ಅಂತೀರಾ? ಅದೂ ಒಂದು ಸುತ್ತು ಆಗಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಹೋರಿ ಓಟಗಳಿಗೆ ತಡೆ ಹಾಕಿತು. 2017ರ ಜನವರಿಯಲ್ಲಿ ಚೆನ್ನೈನ ಮರೀನಾ ಬೀಚು ತುಂಬಿತು. ಅದೇ ವರ್ಷ ಕರ್ನಾಟಕವೂ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದು ಕಂಬಳ, ಹೋರಿ ಓಟ, ಎತ್ತಿನ ಗಾಡಿ ಓಟಗಳನ್ನು ಉಳಿಸಿಕೊಂಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಈ ಒಂಬತ್ತು ವರ್ಷ ವಾದ ನಡೆದದ್ದು ಮುಖ್ಯವಾಗಿ ಎತ್ತಿನ ನೋವಿನ ಬಗ್ಗೆ, ಸಂಪ್ರದಾಯದ ಬಗ್ಗೆ. ಎರಡೂ ಸರಿಯಾದ ಪ್ರಶ್ನೆಗಳೇ. ಬೇಲಿ ಹೊರಗೆ ನಿಂತ ಹುಡುಗನ ವಿಚಾರ ಮಾತ್ರ ಹಿಂದೆ ಬಿತ್ತು.

ಇನ್ನೊಂದು ಮಾತು. ಟ್ರಾಕ್ಟರು, ಟಿಲ್ಲರು ಬಂದಮೇಲೆ ಹೊಲದಲ್ಲಿ ಎತ್ತಿಗೆ ಕೆಲಸವೇ ಉಳೀಲಿಲ್ಲ. ಹಬ್ಬ ನಿಂತರೆ ಆ ಹೋರಿಯನ್ನ ಯಾರೂ ಸಾಕಲ್ಲ, ಇದು ನಂಗೂ ಗೊತ್ತು. ದೊಡ್ಡಪ್ಪನ ಕೊಟ್ಟಿಗೆಯಲ್ಲಿ ಹುರುಳಿ ಬೇಯೋ ವಾಸನೆ ಇವತ್ತಿಗೂ ಇದ್ರೆ ಅದು ಈ ಹಬ್ಬದಿಂದಲೇ.

ಹಾಗಂತ ದೀಪಾವಳಿ ಅಂದ್ರೆ ಓಟ ಮಾತ್ರ ಅಲ್ಲ. ಸೊರಬದ ಮಲೆನಾಡ ಸೆರಗಿನ ಹಳ್ಳಿಗಳಲ್ಲಿ ಅದೇ ರಾತ್ರಿಗಳಲ್ಲಿ ಅಂಟಿಗೆ ಪಂಟಿಗೆಯವರು ಹೊರಡ್ತಾರೆ. ಕೈಯಲ್ಲಿ ಬಲೀಂದ್ರನ ದೀಪ, ಬಾಯಲ್ಲಿ ಹಾಡು, ಮನೆಯಿಂದ ಮನೆಗೆ ನಡಿಗೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೀಬೇಕು, ದೀಪ ಆರಬಾರದು. ಇಡೀ ಊರು ಸೇರಿ ಒಂದು ದೀಪ ಕಾಯೋದು. ಅದನ್ನ ನೋಡಿದಾಗೆಲ್ಲ ನಂಗೆ ಅನ್ಸೋದು, ಹುಡುಗರನ್ನ ಕಾಯೋಕೆ ಏನು ಧಾಡಿ ನಮಗೆ?

ಈ ಸಲ ಹಬ್ಬಕ್ಕೆ ಮುಂಚೆ ಊರಿನ ಕಮಿಟಿಯವರ ಮುಂದೆ ಕೂತು ಮೂರು ಬೇಡಿಕೆ ಇಟ್ಟೆ. ಎರಡು ಸಾಲು ಗಟ್ಟಿ ಬೇಲಿ. ಬೀದಿ ತುದೀಲಿ ಆಂಬುಲೆನ್ಸು. ಬಹುಮಾನದ ಬೈಕೊಂದು ಕಮ್ಮಿ ಮಾಡಿ, ಆ ದುಡ್ಡಲ್ಲಿ ಅಖಾಡಕ್ಕಿಳಿಯೋ ಹುಡುಗರಿಗೆ ವಿಮೆ. ನೆತ್ತರುಗೊಡಗೆಯ ಕಥೆಯನ್ನೂ ಹೇಳಿದೆ. "ಹಬ್ಬದ ಹೊತ್ತಲ್ಲಿ ಸಾಯೋ ಮಾತ್ಯಾಕೆ, ಅಪಶಕುನ" ಅಂತ ಒಬ್ಬರು ಎದ್ದರು. ಆಗ ದೊಡ್ಡಪ್ಪ, ಅದುವರೆಗೂ ಸುಮ್ಮನೆ ಎಲೆ ಅಡಿಕೆ ಜಗೀತಾ ಕೂತಿದ್ದವನು, "ನನ್ನ ಮಗನ ಕಾಲಿಗಿಂತ ಅಪಶಕುನ ಯಾವುದದೆ?" ಅಂದ. ಆ ವಿಷಯ ಅವನು ಬಾಯಿ ಬಿಟ್ಟು ಆಡಿದ್ದು ಅದೇ ಮೊದಲು.

ಬೇಲಿಗೆ ಒಪ್ಪಿದರು. ಆಂಬುಲೆನ್ಸಿಗೂ ಒಪ್ಪಿದರು. ವಿಮೆ "ಮುಂದಿನ ವರ್ಷ ನೋಡೋಣ" ಅಂದರು.

ಹಬ್ಬದ ದಿನ ದೊಡ್ಡಪ್ಪನ ಹೋರಿ ಸರ ಉಳಿಸಿಕೊಂಡು ಬೀದಿ ದಾಟಿತು. ತಾರಸಿ ಮೇಲೆ ಕುರ್ಚಿ ಹಾಕಿ ಕೂತಿದ್ದ ಅಣ್ಣ ಅದರ ಹೆಸರು ಹಿಡಿದು ಗಂಟಲು ಹರಿಯೋ ಹಂಗೆ ಕೂಗಿದ. ನಾನೂ ಕೂಗಿದೆ. ಮುಂದಿನ ವರ್ಷ ವಿಮೆ ಮಾತಾಡೋಕೆ ಮತ್ತೆ ಹೋಗ್ತೀನಿ.