ಕಣ್ಣಂದಾಜಿನಿಂದ ಗ್ರಾಂ ತಕ್ಕಡಿಗೆ

ಬಟ್ಟೆಗೆ ಸ್ಕ್ರೀನ್ ಪ್ರಿಂಟ್ ಹಾಕುವ ಯೂನಿಟ್ಟಿನ ನಷ್ಟ ತಿಳಿಯಲು ಲೆಕ್ಕದ ಪುಸ್ತಕ ತೆರೆಯಬೇಕಾಗಿಲ್ಲ, ಇಂಕ್ ಇಡುವ ಕಪಾಟು ನೋಡಿದರೆ ಸಾಕು. ಯಾವ ಆರ್ಡರಿಗೆ ಬೆರೆಸಿದ್ದೆಂದು ಬರೆಯದೆ ಉಳಿಸಿದ ಅರ್ಧರ್ಧ ಡಬ್ಬಿಗಳು ಅಲ್ಲಿ ಸಾಲಾಗಿ ಕೂತಿರುತ್ತವೆ. ಮೂಲ ಬಣ್ಣಗಳನ್ನು ಲೆಕ್ಕದಂತೆ ತೂಗಿ ಬೆರೆಸುವ ಮಿಕ್ಸಿಂಗ್ ಸಿಸ್ಟಮ್ ಬೇಕೆನ್ನಿಸುವುದು ಇಂಥ ಕಪಾಟಿನ ಮುಂದೆ ನಿಂತಾಗಲೇ.

ಮೊದಲು ಎಲ್ಲವೂ ಕಲರ್ ಮಾಸ್ಟರನ ಕಣ್ಣಂದಾಜು. ನಮ್ಮ ಪಿಗ್ಮೆಂಟ್ ಪ್ರಿಂಟಿಂಗಿನಲ್ಲಿ ನೀರು, ಸೀಮೆಎಣ್ಣೆ, ಬೈಂಡರ್‌ಗಳನ್ನು ಯಂತ್ರದಲ್ಲಿ ಜೋರಾಗಿ ಕಡೆದು ಬಿಳಿ ಪೇಸ್ಟ್ ಮಾಡಿ, ಅದಕ್ಕೆ ಪಿಗ್ಮೆಂಟ್ ಸೇರಿಸುತ್ತಿದ್ದರು. ಗಾಢ ಬಣ್ಣದ ಬಟ್ಟೆಗಾದರೆ ಟೈಟಾನಿಯಂ ಡೈಆಕ್ಸೈಡ್ ತುಂಬಿದ ಖಾದಿ ಪೇಸ್ಟ್. ಪಳಗಿದ ಮಾಸ್ಟರ್ ಚಿಂದಿಯ ಮೇಲೆ ಬೆರಳಲ್ಲೊಂದು ಗೆರೆ ಎಳೆದು, ಒಣಗಿದ ಮೇಲೆ ಬಣ್ಣ ಎತ್ತ ವಾಲೀತು ಎಂದು ಹೇಳಿಬಿಡುತ್ತಿದ್ದ. ಆ ವಿದ್ಯೆಯನ್ನು ಹಗುರವಾಗಿ ಕಾಣಲಾಗದು. ಆದರೆ ಅವನು ಕೆಲಸ ಬಿಟ್ಟ ದಿನ ಫಾರ್ಮುಲಾ ಕೂಡ ಅವನ ಜೊತೆಗೇ ಹೊರಟುಹೋಗುತ್ತಿತ್ತು. ಆಮೇಲೆ ಅದೇ ಕೆಂಪು ಬೇಕೆಂದು ಬಂದ ಗಿರಾಕಿಗೆ ಸಿಗುತ್ತಿದ್ದುದು ಅದರ ದಾಯಾದಿ.

ಬಣ್ಣಕ್ಕೊಂದು ನಂಬರ್ ಕೊಟ್ಟು ಜಗತ್ತನ್ನೆಲ್ಲ ಒಪ್ಪಿಸಿದ್ದು ಅಮೆರಿಕದ ಪ್ಯಾಂಟೋನ್. ಲಾರೆನ್ಸ್ ಹರ್ಬರ್ಟ್ 1963ರಲ್ಲಿ ಹೊರತಂದ ಬಣ್ಣದ ಪಟ್ಟಿಯಲ್ಲಿ ಕೆಲವೇ ಮೂಲ ಇಂಕುಗಳನ್ನು ಇಂತಿಷ್ಟು ಭಾಗ ಬೆರೆಸಿದರೆ ಇಂಥ ಬಣ್ಣ ಎಂಬ ಲೆಕ್ಕವಿತ್ತು. ಲೆಕ್ಕ ಮಾತ್ರ ಆಫ್‌ಸೆಟ್ ಮುದ್ರಣದ್ದು. ಅಲ್ಲಿ ಬಿಳಿ ಕಾಗದದ ಮೇಲೆ ಒಂದೆರಡು ಮೈಕ್ರಾನ್ ದಪ್ಪದ ಪಾರದರ್ಶಕ ಇಂಕ್. ಟೀ ಶರ್ಟಿನ ಮೇಲಾದರೆ ಹತ್ತಾರು ಮೈಕ್ರಾನ್, ಅಡಿಯಲ್ಲಿ ಬಣ್ಣದ ಬಟ್ಟೆ ಬೇರೆ. ಹಾಗಾಗಿ ಪ್ಯಾಂಟೋನಿನ ನಂಬರ್ ನಮಗೆ ಬೇಕು, ಅದರ ಪಕ್ಕದಲ್ಲಿ ಅಚ್ಚಾದ ಪ್ರಮಾಣ ಬೇಡ. ಆ ನಂಬರಿಗೆ ಹೊಂದುವ ಪ್ರಮಾಣವನ್ನು ಇಂಕ್ ತಯಾರಕರೇ ತಮ್ಮ ಮೂಲ ಬಣ್ಣಗಳಿಗೆ ತಕ್ಕಂತೆ ಹೊಸದಾಗಿ ಲೆಕ್ಕ ಹಾಕಿ ಕೊಡಬೇಕು. ಮಿಕ್ಸಿಂಗ್ ಸಿಸ್ಟಮ್ ಕೊಳ್ಳುವಾಗ ನಿಜವಾಗಿ ಹಣ ಕೊಡುವುದು ಈ ಕೆಲಸಕ್ಕೆ.

ಇದಕ್ಕೆ ದಾರಿ ಮಾಡಿದ್ದು ಪ್ಲಾಸ್ಟಿಸಾಲ್. ಪಿವಿಸಿ ಪುಡಿಯನ್ನು ಪ್ಲಾಸ್ಟಿಸೈಜರ್ ದ್ರವದಲ್ಲಿ ಕಲಸಿದ ಈ ಇಂಕ್ ಸುಮಾರು 160 ಡಿಗ್ರಿ ಸೆಲ್ಸಿಯಸ್ ಕಾವು ತಗಲುವವರೆಗೆ ಹದಗೊಳ್ಳುವುದಿಲ್ಲ. ಡಬ್ಬಿಯಲ್ಲಾಗಲಿ ಸ್ಕ್ರೀನಿನಲ್ಲಾಗಲಿ ಒಣಗುವುದಿಲ್ಲ. ಅಮೆರಿಕದಲ್ಲಿ ಮೈಕೆಲ್ ವ್ಯಾಸಿಲಾಂಟೋನ್ 1960ರ ದಶಕದಲ್ಲಿ ಸುತ್ತುವ ಬಹುವರ್ಣ ಯಂತ್ರ ರೂಪಿಸಿದ ಮೇಲೆ ಟೀ ಶರ್ಟ್ ಮುದ್ರಣ ದೊಡ್ಡ ಉದ್ಯಮವಾಯಿತು. ಇಂದು ಬೆರೆಸಿದ್ದನ್ನು ಮುಂದಿನ ತಿಂಗಳು ಬಳಸಬಹುದು ಎಂದಾದಾಗ ತೂಗಿ ಬರೆದಿಡುವುದಕ್ಕೂ ಅರ್ಥ ಬಂತು.

ಅಲ್ಲಿಂದ ಎರಡು ಕವಲು. ಒಂದರಲ್ಲಿ ಮೂಲ ಬಣ್ಣಗಳೇ ಮುದ್ರಣಕ್ಕೆ ಸಿದ್ಧವಾದ ಇಂಕುಗಳು. ಇಂಕ್ ಬ್ರ್ಯಾಂಡುಗಳಾದ ರಟ್ಲೆಂಡಿನ ಎಂ3, ವಿಲ್‌ಫ್ಲೆಕ್ಸಿನ ಎಂಎಕ್ಸ್ ಈ ಜಾತಿಯವು. ಯಾವುದನ್ನು ಯಾವುದಕ್ಕೆ ಎಷ್ಟು ಸೇರಿಸಿದರೂ ಸಿಗುವುದು ಇಂಕೇ. ಅಳತೆ ತಪ್ಪಿದರೆ ಛಾಯೆ ಕೆಡುತ್ತದೆ, ಮುದ್ರಣ ಕೆಡುವುದಿಲ್ಲ. ಇನ್ನೊಂದರಲ್ಲಿ ಬಣ್ಣವಿಲ್ಲದ ಬೇಸ್ ಬೇರೆ, ಗಟ್ಟಿ ಪಿಗ್ಮೆಂಟ್ ಸಾರ ಬೇರೆ. ವಿಲ್‌ಫ್ಲೆಕ್ಸಿನ ಪಿಸಿ, ರಟ್ಲೆಂಡಿನ ಸಿ3 ಹೀಗಿವೆ. ಅದೇ ಸಾರವನ್ನು ಹಿಗ್ಗುವ ಬೇಸಿಗೋ ಹೆಚ್ಚು ಮರೆಮಾಡುವ ಬೇಸಿಗೋ ಹಾಕಿ ಬೇಕಾದ ಗುಣ ಪಡೆಯಬಹುದು. ದಾಸ್ತಾನು ಕಡಿಮೆ, ಬಣ್ಣ ಉಜ್ವಲ. ಆದರೆ ಸಾರಕ್ಕೊಂದು ಮಿತಿಯಿದೆ. ಮೀರಿದರೆ ಇಂಕ್ ಸರಿಯಾಗಿ ಹದಗೊಳ್ಳದೆ ಉಜ್ಜಿದ ಕೈಗೆ ಬಣ್ಣ ಅಂಟುತ್ತದೆ. 200 ಗ್ರಾಂ ಇಂಕಿಗೆ 2 ಗ್ರಾಂ ಕಪ್ಪು ಹಾಕುವಾಗ ತಕ್ಕಡಿ ಅರ್ಧ ಗ್ರಾಂ ತಪ್ಪಿದರೆ ಅದು ಕಾಲುಭಾಗದ ತಪ್ಪು. ಮುಂದೆ ಈ ಎರಡೂ ಬ್ರ್ಯಾಂಡುಗಳು ಒಂದೇ ಕಂಪನಿಯ ಕೈ ಸೇರಿದವು, ಕವಲುಗಳು ಮಾತ್ರ ಹಾಗೇ ಉಳಿದವು. ಯಾವುದೂ ಇನ್ನೊಂದನ್ನು ಸೋಲಿಸಲಿಲ್ಲ.

ನವೆಂಬರಿನಲ್ಲಿ ನಮ್ಮೂರುಗಳಲ್ಲಿ ಹಳದಿ ಟೀ ಶರ್ಟಿನ ಮೇಲೆ ಕೆಂಪು ಅಕ್ಷರ ಹಾಕುವವರಿಗೆ ಬೇಸಿನ ಮಹತ್ವ ಹೇಳಿಕೊಡಬೇಕಿಲ್ಲ. ಪಟ್ಟಿಯಲ್ಲಿ ಹೇಳಿದಂತೆ ತೂಗಿದ ಕೆಂಪೇ ಪಾರದರ್ಶಕ ಬೇಸಿನಲ್ಲಿದ್ದರೆ ಹಳದಿಯ ಮೇಲೆ ಕಿತ್ತಳೆಗೆ ತಿರುಗುತ್ತದೆ. ಅಡಿಗೊಂದು ಬಿಳಿ ಪದರ ಹಾಕಬೇಕು, ಇಲ್ಲವೇ ಮರೆಮಾಡುವ ಬೇಸ್ ಬಳಸಬೇಕು. ಸ್ಕ್ರೀನಿನ ಮೆಶ್ ಬದಲಾದರೂ ಇದೇ ಪಾಡು: ಸೆಂಟಿಮೀಟರಿಗೆ 43 ಎಳೆಯಿರುವುದರಲ್ಲಿ ಬೀಳುವಷ್ಟು ಇಂಕ್ 77ರಲ್ಲಿ ಬೀಳುವುದಿಲ್ಲ, ಛಾಯೆ ಜಾರುತ್ತದೆ. ಸಿಸ್ಟಮ್ ಮಾರುವವರು ಈ ಮಾತನ್ನು ಮೆಲ್ಲಗೆ ಹೇಳುತ್ತಾರೆ.

2008ರಲ್ಲಿ ಅಮೆರಿಕ ಮಕ್ಕಳ ವಸ್ತುಗಳ ಸುರಕ್ಷತಾ ಕಾನೂನು ತಂದು ಕೆಲವು ಥ್ಯಾಲೇಟ್ ಪ್ಲಾಸ್ಟಿಸೈಜರುಗಳಿಗೆ ಶೇ. 0.1ರ ಮಿತಿ ಹಾಕಿತು. ಅಂದರೆ ಕಿಲೋಗೆ ಒಂದು ಗ್ರಾಂ. ಶೇ. 30ರಷ್ಟು ಥ್ಯಾಲೇಟ್ ಇರುವ ಹಳೆಯ ಇಂಕ್ ನಾಲ್ಕೇ ಗ್ರಾಂ ಬಿದ್ದರೂ ಒಂದು ಕಿಲೋ ಹೊಸ ಇಂಕ್ ಮಿತಿ ದಾಟುತ್ತದೆ. ತಯಾರಕರು ಸರಣಿಗಳನ್ನೇ ಬದಲಿಸಬೇಕಾಯಿತು. ತೊಳೆಯದ ಸ್ಪ್ಯಾಚುಲಾ, ಸ್ಕ್ವೀಜಿಗಳು ಕೂಡ ಅಪಾಯದ ಪಟ್ಟಿ ಸೇರಿದವು. ಮಿಕ್ಸಿಂಗ್ ಕೋಣೆಯ ಶಿಸ್ತಿನ ಬಗ್ಗೆ ಬಣ್ಣದ ನಿಖರತೆ ಕಲಿಸದ್ದನ್ನು ಈ ಕಾನೂನು ಕಲಿಸಿತು.

ಕಂಪ್ಯೂಟರಿನ ಪಾತ್ರವನ್ನು ಹಿಗ್ಗಿಸಿ ಹೇಳುವುದು ವಾಡಿಕೆ. ಸ್ಪೆಕ್ಟ್ರೋಫೋಟೋಮೀಟರ್ ವ್ಯತ್ಯಾಸವನ್ನು ಡೆಲ್ಟಾ-ಇ ಅಂಕಿಯಲ್ಲಿ ತೋರಿಸುತ್ತದೆ, ಉಳಿದ ಇಂಕಿನಿಂದ ಹೊಸ ಬಣ್ಣ ಮಾಡುವ ಲೆಕ್ಕವನ್ನು ಸಾಫ್ಟ್‌ವೇರ್ ಕೊಡುತ್ತದೆ. ರಫ್ತಿನ ಕೆಲಸವಿದ್ದರೆ ಇವು ಬೇಕು. ಬಯರ್‌ಗಳು ಸ್ಯಾಂಪಲನ್ನು ಹಗಲಿನಂಥ ಡಿ65, ಅಂಗಡಿ ದೀಪದಂಥ ಟಿಎಲ್84 ಬೆಳಕುಗಳೆರಡರಲ್ಲೂ ನೋಡುವುದುಂಟು. ಮಿಕ್ಕವರಿಗೆ ಒಂದು ಲೈಟ್ ಬಾಕ್ಸ್ ಸಾಕು.

ಈಗ ಗಾಳಿ ಮತ್ತೆ ನೀರಿನ ಇಂಕಿನ ಕಡೆ ಬೀಸುತ್ತಿದೆ. ಸಾವಯವ ಬಟ್ಟೆಯ ಗಾಟ್ಸ್ ಪ್ರಮಾಣಪತ್ರ ಪಿವಿಸಿಯನ್ನು ಒಪ್ಪುವುದಿಲ್ಲ. ಇಲ್ಲಿ ಬೇಸ್ ಮತ್ತು ಪಿಗ್ಮೆಂಟ್ ವಿಧಾನವೇ ಸಹಜ, ಆದರೆ ಫಿಕ್ಸರ್ ಹಾಕಿದ ಇಂಕಿಗೆ ಆಯುಷ್ಯ ಕಡಿಮೆ, ಬಟ್ಟೆಯ ಬಣ್ಣ ತೆಗೆಯುವ ಡಿಸ್ಚಾರ್ಜ್ ಪುಡಿ ಬೆರೆಸಿದ್ದು ಅಂದಂದೇ ಮುಗಿಯಬೇಕು. ಪ್ಲಾಸ್ಟಿಸಾಲಿನಲ್ಲಿ ಉಳಿದದ್ದು ದಾಸ್ತಾನಾದರೆ ಇಲ್ಲಿ ಉಳಿದದ್ದು ಕಸ. ಆದ್ದರಿಂದ ಎಷ್ಟು ಬೇಕೋ ಅಷ್ಟೇ ಬೆರೆಸುವ ಅಭ್ಯಾಸ ಮೊದಲು ಬರಬೇಕು.

ನನ್ನ ಮಟ್ಟಿಗೆ, ಸಣ್ಣ ಸಣ್ಣ ಆರ್ಡರುಗಳಲ್ಲಿ ಪ್ಲಾಸ್ಟಿಸಾಲ್ ಮುದ್ರಿಸುವ, ಕೆಲಸಗಾರರು ಆಗಾಗ ಬದಲಾಗುವ ಅಂಗಡಿಗೆ ಸಿದ್ಧ ಇಂಕಿನ ಸಿಸ್ಟಮ್ಮೇ ಸರಿ. ಬೆರೆಸುವುದಕ್ಕೆಂದೇ ಒಬ್ಬರನ್ನು ಇಟ್ಟುಕೊಳ್ಳುವ ಶಕ್ತಿ ಬಂದಾಗ ಪಿಗ್ಮೆಂಟ್ ಸಾರಕ್ಕೆ ಹೋಗಬಹುದು. ಎರಡರಲ್ಲಿ ಯಾವುದಾದರೂ ಸರಿ, 0.1 ಗ್ರಾಂ ತೋರಿಸುವ ತಕ್ಕಡಿಯನ್ನು ಮೊದಲು ಕೊಳ್ಳಿ. ಮುಂಗಡ ಕೊಡುವ ಮುನ್ನ ಡೀಲರನ್ನು ಒಂದು ಮಾತು ಕೇಳಿ: ಮೂಲ ಬಣ್ಣಗಳಲ್ಲಿ ಒಂದು ಮುಗಿದರೆ ಅದೊಂದನ್ನೇ ನಮ್ಮೂರಿಗೆ ಎಷ್ಟು ದಿನದಲ್ಲಿ ಕಳಿಸುತ್ತೀರಿ?